ಹಿಂದಿನ ಸಾಲಿನ ದನಿ

ಶುಭಾಂಗಿ ಮೂರನೇ ಇಯತ್ತೆಯಲ್ಲಿದ್ದಾಗ ತಂಗೆವ್ವ ಮಗಳಿಗೆ ಒಂದು ಮಾತು ಕೊಟ್ಟಿದ್ದಳು: “ಇನ್ನ ನಿನ್ನ ಸಾಲ್ಯಾಗ ನಾ ಬಾಯಿ ತಗಿಯಂಗಿಲ್ಲವಾ. ಆಣಿ ಮಾಡಿ ಹೇಳ್ತೇನಿ, ಅಳಬ್ಯಾಡ.”

ಆವತ್ತು ಮಿರಜದ ಆ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ಮೇಡಂ ಅಂದರು. ಹಾಗೆ ಅನ್ನುವುದು ರೂಢಿ, ಯಾರೂ ಕೇಳದಿರುವುದೂ ರೂಢಿ. ತಂಗೆವ್ವನಿಗೆ ಅದು ಗೊತ್ತಿರಲಿಲ್ಲ. ಎದ್ದು ನಿಂತು, ಮಗಳ ಗಣಿತದ ವಹಿ ಎರಡು ತಿಂಗಳಿಂದ ಯಾಕೆ ತಿದ್ದಿಲ್ಲ ಅಂತ ತನ್ನ ಅರೆಬರೆ ಮರಾಠಿಯಲ್ಲಿ ಕೇಳಿದಳು. ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಕೇಳಿದ ದನಿ ಮಾತ್ರ ಆ ಕೋಣೆಗೆ ಹಿಡಿಸುವಂಥದ್ದಲ್ಲ. ಕುಪವಾಡದ ನೂಲಿನ ಗಿರಣಿಯಲ್ಲಿ ಸಾವಿರಾರು ಕದಿರು ಒಮ್ಮೆಗೇ ತಿರುಗುವ ಸದ್ದಿನೊಳಗೆ ಹದಿಮೂರು ವರ್ಷ ದುಡಿದವಳ ದನಿ ಅದು. ಮುಂದಿನ ಬೆಂಚಿನ ಮೇಲೆ ತಾಯಿಯ ತೊಡೆಯಲ್ಲಿದ್ದ ಕೂಸು ಬೆಚ್ಚಿ ಅಳಲಿಕ್ಕೆ ಹತ್ತಿತು. ಯಾರ ಜಗಳ ಇದು ಅಂತ ಹೆಡ್‌ಮಾಸ್ತರು ಪಕ್ಕದ ಕೋಣೆಯಿಂದ ಬಂದು ಇಣುಕಿದರು. ಉಳಿದವರು ನಕ್ಕರು. ಶುಭಾಂಗಿ ಷೇರ್ ರಿಕ್ಷಾದಲ್ಲಿ ಕುಪವಾಡದ ತನಕ ಅತ್ತಳು.

ಆರು ವರ್ಷ ತಂಗೆವ್ವ ಆ ಮಾತು ನಡೆಸಿಕೊಂಡು ಬಂದಿದ್ದಳು. ಶಾಲೆಗೆ ಹೋದರೆ ಸಹಿ ಮಾಡುವುದು, ತಲೆ ಅಲ್ಲಾಡಿಸುವುದು, ನಗುವುದು, ಬರುವುದು. ತುಟಿಪಿಟಕ್ ಅಂದವಳಲ್ಲ.

ಈಗ ಶುಭಾಂಗಿ ಒಂಬತ್ತನೇ ಇಯತ್ತೆ. ಶಾಲೆಯ ಸಮೂಹಗಾನದ ಮೂವತ್ತು ಮಕ್ಕಳಲ್ಲಿ ಅವಳೂ ಒಬ್ಬಳು. ಸಾಂಗಲಿಯಲ್ಲಿ ಶಾಲೆ ಶಾಲೆಗಳ ನಡುವೆ ಸ್ಪರ್ಧೆ ಇತ್ತು. ಆಮೇಲೆ ಗ್ಯಾದರಿಂಗ್‌ನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಒಂದು ಸಂಗೀತ ನಾಟಕ. ಆ ನಾಟಕದ ಮೇಳಕ್ಕೆ ಇದೇ ಮೂವತ್ತರಲ್ಲಿ ಹನ್ನೆರಡು ಮಂದಿಯನ್ನು ಆರಿಸುವವರಿದ್ದರು. ಜರತಾರಿ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟುಕೊಂಡು, ದೀಪದ ಬೆಳಕಿನೊಳಗೆ ನಿಂತು ಹಾಡುವುದು. ಶುಭಾಂಗಿ ಕಪಾಟಿನ ಕನ್ನಡಿಯ ಮುಂದೆ ನಿಂತು ಈಗಲೇ ಕೈ ತಿರುವುತ್ತಿದ್ದಳು. ಬೇರೆ ಯಾವುದನ್ನೂ ಹುಡುಗಿ ಇಷ್ಟು ಬಯಸಿದ್ದನ್ನು ತಂಗೆವ್ವ ನೋಡಿರಲಿಲ್ಲ.

ಆದರೆ ತಂಗೆವ್ವನ ತಲೆಯೊಳಗೆ ಒಂದು ಹುಳ ಹೊಕ್ಕಿತ್ತು. ದಿನಾ ಸಂಜೆ ಎರಡು ತಾಸು ತಾಲೀಮು ಅಂತಾಳೆ ಹುಡುಗಿ. ಎರಡು ತಾಸು ಹಾಡಿದವಳ ಗಂಟಲು ಒಣಗಬೇಡವೇ? ಮನೆಗೆ ಬಂದವಳು ನೀರು ಕೇಳುವುದಿಲ್ಲ, ಕೆಮ್ಮುವುದಿಲ್ಲ, ದನಿ ಒಂದಿಷ್ಟೂ ಬಿದ್ದಿರುವುದಿಲ್ಲ. ಬೀದಿಯ ಮೂಲೆಗೆ ಕಿರಾಣಿ ಅಂಗಡಿ ಇಟ್ಟಿರುವ ಸುನಂದಾಬಾಯಿಯ ಮೊಮ್ಮಗಳು ಪ್ರಾಜಕ್ತಾ ಕೂಡ ಅದೇ ಸಮೂಹಗಾನದಲ್ಲಿದ್ದಳು. ಅವಳ ದನಿ ಸಂಜೆಗೆ ಕಾಗೆಯ ದನಿಯಾಗಿರುತ್ತಿತ್ತು, ಅಜ್ಜಿ ಜೇಷ್ಠಮಧು ಅರೆದು ಕೊಡುತ್ತಿದ್ದಳು.

“ಹುಡುಗಿ ತಾಲೀಮಿಗೆ ಹೋಗ್ತಾಳೋ ಬ್ಯಾರೆ ಎಲ್ಲೆರ ಹೋಗ್ತಾಳೋ?” ಅಂದಳು ಗಂಡನಿಗೆ.

ಅಪ್ಪಾಸಾಬ ಮಾರ್ಕೆಟ್ ಯಾರ್ಡಿನಲ್ಲಿ ಟೆಂಪೊ ಹೊಡೆಯುವವನು. ಟೀವಿಯಿಂದ ಕಣ್ಣು ಕೀಳದೆ ಅಂದ: “ನಿನಗ ನೂಲಿನ ಕಂಡಿಕಿ ಚೆಕ್ ಮಾಡಿ ಮಾಡಿ ಮನಶ್ಯಾರನ್ನೂ ಚೆಕ್ ಮಾಡೂ ಚಟಾ ಹತ್ಯದ. ಎಲ್ಲಿ ದಾರಾ ಹರದದಂತ ಬೆರಳ ಆಡಿಸ್ಕೋತ ಹೊಂಟೀ.”

“ಹರದಿದ್ರ ಗಂಟ ಹಾಕವ್ರು ಯಾರು? ನೀವೇನ?”

ಮರುದಿನ ಅಂಗಡಿಗೆ ಹೋಗಿ ಪ್ರಾಜಕ್ತಾಳನ್ನೇ ಕೇಳಿದಳು.

“ಬರ್ತಾಳ ಮಾವಶಿ, ದಿನಾ ಬರ್ತಾಳ,” ಅಂದಳು ಪ್ರಾಜಕ್ತಾ. “ಹಿಂದಿನ ಸಾಲಿನ್ಯಾಗ ನಿಂದರ್ತಾಳ.” ಅಷ್ಟು ಹೇಳಿ ಬಿಸ್ಕೀಟಿನ ಡಬ್ಬಿಯ ಹಿಂದೆ ಮುಖ ಮಾಡಿ ಕಿಸಕ್ಕೆಂದಳು.

ಆ ನಗುವೇ ತಂಗೆವ್ವನನ್ನು ಮಲಗಗೊಡಲಿಲ್ಲ.

ಮೊದಲ ಪಾಳಿ ಮೂರಕ್ಕೆ ಮುಗಿಯುತ್ತದೆ. ಮಂಗಳವಾರ ಗಿರಣಿಯಿಂದ ಮನೆಗೆ ಹೋಗದೆ ನೇರ ಮಿರಜಕ್ಕೆ ಹೋದಳು. ಕೂದಲಲ್ಲಿ ಹತ್ತಿಯ ಎಳೆ ಹಾಗೇ ಇದ್ದವು, ಸೆರಗು ಹೊದ್ದುಕೊಂಡಳು. ಶಾಲೆಯ ಸಭಾಗೃಹದ ಬಾಗಿಲು ಮುಚ್ಚಿತ್ತು. ಹೊರಗೆ ಸೈಕಲ್ ನಿಲ್ಲಿಸುವ ಕಡೆಯ ಕಿಟಕಿಯ ಗಾಜಿನಿಂದ ಒಳಗೆ ನೋಡಿದಳು. ಮಕ್ಕಳು ಮೂರು ಸಾಲು ನಿಂತಿದ್ದರು. ಎದುರಿಗೆ ಹಾರ್ಮೋನಿಯಂ ಇಟ್ಟುಕೊಂಡು ಬಾಳಾಸಾಹೇಬ ಸರ್, ಸಂಗೀತದ ಮಾಸ್ತರು. ಹಾಡು ಕೃಷ್ಣಾ ನದಿಯದು, ಸರ್ ತಾವೇ ಕಟ್ಟಿದ್ದು. ಗಾಜಿನ ಆಚೆಯಿಂದ ಒಂದು ಮಬ್ಬು ಗುಂಗು ಮಾತ್ರ ಕೇಳುತ್ತಿತ್ತು.

ಕೇಳದಿದ್ದರೇನು! ಗಿರಣಿಯವರಿಗೆ ಕಿವಿ ಬೇಕಾಗುವುದಿಲ್ಲ. ಯಂತ್ರದ ಸದ್ದಿನಲ್ಲಿ ಹತ್ತು ಮಾರು ದೂರ ಇರುವವಳಿಗೆ ಎಷ್ಟು ಕೂಗಿದರೂ ಮುಟ್ಟುವುದಿಲ್ಲ. ಹಾಗಾಗಿ ಅಲ್ಲಿ ದೂರದ ಮಾತೆಲ್ಲ ತುಟಿಯಲ್ಲೇ. ದನಿ ಹಚ್ಚದೆ ಬಾಯಿ ದೊಡ್ಡದಾಗಿ ಆಡಿಸಬೇಕು, ಎದುರಿನವಳು ಓದಿಕೊಳ್ಳಬೇಕು. ಹತ್ತೊಂಬತ್ತು ವರ್ಷ ಆಯಿತು ತಂಗೆವ್ವ ಹಾಗೆ ಓದಲಿಕ್ಕೆ ಹತ್ತಿ. ದನಿ ಇರುವ ಬಾಯಿ ಯಾವುದು, ದನಿ ಇಲ್ಲದ್ದು ಯಾವುದು ಅನ್ನುವುದು ಅವಳಿಗೆ ಒಂದು ನೋಟದಲ್ಲಿ ಗೊತ್ತಾಗುತ್ತದೆ. ದನಿ ಇದ್ದರೆ ಗಂಟಲ ಗುಣಿ ನಡುಗುತ್ತದೆ, ಕೊರಳ ನರ ಬಿಗಿಯುತ್ತದೆ, ಸಾಲಿನ ಕೊನೆಗೆ ಉಸಿರು ಸಾಲದೆ ಎದೆ ಏಳುತ್ತದೆ.

ಹಿಂದಿನ ಸಾಲಿನಲ್ಲಿ ಎಡದಿಂದ ಎರಡನೆಯವಳು ಶುಭಾಂಗಿ. ಎಲ್ಲರಿಗಿಂತ ದೊಡ್ಡದಾಗಿ ಅವಳ ಬಾಯಿ ತೆರೆದುಕೊಳ್ಳುತ್ತಿತ್ತು. ಗಂಟಲು ಮಾತ್ರ ಕಲ್ಲಿನ ಹಾಗೆ ಸುಮ್ಮನಿತ್ತು.

ತಂಗೆವ್ವ ಇಡೀ ಹಾಡು ನೋಡಿದಳು, ಮತ್ತೊಮ್ಮೆ ಹಾಡಿದರು, ಅದನ್ನೂ ನೋಡಿದಳು. ಒಂದು ಅಕ್ಷರಕ್ಕೂ ದನಿ ಇರಲಿಲ್ಲ.

ಆ ಸಂಜೆ ಅಪ್ಪಾಸಾಬ ಟೀವಿಯನ್ನು ಜೋರಾಗಿ ಹಚ್ಚಿಕೊಂಡು ಕುಳಿತಿದ್ದ. ತಂಗೆವ್ವ ರೊಟ್ಟಿ ಬಡಿಯುತ್ತ ಮಗಳ ಕಡೆ ತಿರುಗಿ ತುಟಿ ಮಾತ್ರ ಆಡಿಸಿದಳು. ಆ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಗಿರಣಿಯ ಮಾತು ಮರಾಠಿಗಿಂತ ಮೊದಲೇ ಬಂದಿತ್ತು.

‘ತಾಲೀಮಿನ್ಯಾಗ ಯಾಕ ದನಿ ಬಿಡವಲ್ಲಿ?’

ಶುಭಾಂಗಿಯ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಅಪ್ಪನ ಕಡೆ ಒಮ್ಮೆ ನೋಡಿ, ಅವಳೂ ದನಿ ಇಲ್ಲದೆ ಅಂದಳು: ‘ಯಾರು ಹೇಳಿದ್ರು ನಿನಗ?’

‘ಕಣ್ಣಾರೆ ನೋಡೇನಿ.’

‘ಕಿಡಕ್ಯಾಗಿಂದ ಕದ್ದು ನೋಡಿದ್ಯಾ? ನಾಚಿಕಿ ಇಲ್ಲ ನಿನಗ?’

‘ನಾಚಿಕಿ ಆಮ್ಯಾಲ ನೋಡೂಣು. ಯಾಕ ಅದನ ಹೇಳು.’

ಹುಡುಗಿ ತಾಟಿನೊಳಗಿನ ಪಲ್ಯ ಕಲಸುತ್ತ ಕುಳಿತಳು. ಆಮೇಲೆ ಮುಖ ಎತ್ತಿದಳು. ‘ಸರ್ ಹೇಳ್ಯಾರ. ನನ್ನ ಆವಾಜು ಎಲ್ಲಾರೊಳಗ ಬ್ಯಾರೆನ ಕೇಳತೈತಂತ. ಬರೇ ಬಾಯಿ ಆಡಸು, ಸ್ಪರ್ಧಾ ಆಗೂತನಕ ದನಿ ಬಿಡಬ್ಯಾಡ ಅಂದ್ರು.’

‘ಮತ್ತ ನಾಟಕ?’

‘ಬಾಯಿ ಆಡಸವ್ರನ್ನ ನಾಟಕಕ್ಕ ಯಾರು ತಗೋತಾರ?’ ಹುಡುಗಿಯ ಕಣ್ಣು ತುಂಬಿದವು. ‘ನೀ ಬರಬ್ಯಾಡ ಅವ್ವಾ. ನೀ ಮಾತ ಕೊಟ್ಟೀ.’

“ಏನದು ತಾಯಿ-ಮಗಳದು ಮೂಕ ಸಿನೆಮಾ?” ಅಂದ ಅಪ್ಪಾಸಾಬ, ಟೀವಿಯಲ್ಲಿ ಜಾಹೀರಾತು ಬಂದಾಗ.

“ಉಪ್ಪ ಕಡಿಮಿ ಆಗೈತಿ ಅನ್ಲಿಕ್ಕತ್ತಾಳ,” ಅಂದಳು ತಂಗೆವ್ವ ಗಟ್ಟಿಯಾಗಿ.

ಮೂವತ್ತು ಮಕ್ಕಳಲ್ಲಿ ನನ್ನ ಮಗಳೊಬ್ಬಳ ಬಾಯಿ ಬಂದ್ ಮಾಡಿಸಲಿಕ್ಕೆ ಕಾರಣ ಏನಿರಬೇಕು? ಕನ್ನಡದವರು ಅಂತಲೋ, ಗಿರಣಿಯವರು ಅಂತಲೋ, ಯಾರದೋ ಮಗಳಿಗೆ ಜಾಗ ಮಾಡಲಿಕ್ಕೋ? ಪ್ರಾಜಕ್ತಾ ಮುಂದಿನ ಸಾಲಿನಲ್ಲಿ ನಿಲ್ಲುತ್ತಾಳೆ. ಸುನಂದಾಬಾಯಿ ದೀಪಾವಳಿಗೆ ಸರ್ ಮನೆಗೆ ಫರಾಳದ ತಿಂಡಿಯ ಡಬ್ಬಿ ಕಳಿಸಿದ್ದನ್ನು ತಂಗೆವ್ವ ಕಂಡಿದ್ದಳು. ಒಂದಕ್ಕೊಂದು ಕೂಡಿಸಿದರೆ ಎಳೆ ಎಲ್ಲಿಗೋ ಹೋಗುತ್ತಿತ್ತು.

ಆದರೂ ಸಹಾಯಕ್ಕೆ ಹೋದದ್ದು ಅದೇ ಸುನಂದಾಬಾಯಿಯ ಹತ್ತಿರ. ಬೇರೆ ಯಾರಿದ್ದರು? ವ್ಯಾಪಾರಸ್ಥರ ಮನೆಯವಳು, ಬೆಣ್ಣೆಯಂಥ ಮರಾಠಿ, ಎದುರಿನವನನ್ನು ನೋಯಿಸದೆ ತನ್ನ ಕೆಲಸ ಮಾಡಿಸಿಕೊಳ್ಳುವ ನಾಲಗೆ.

“ನಾ ಬಂದು ಸುಮ್ನ ಕುಂದರ್ತೇನ್ರಿ ಬಾಯಾರ. ಮಾತ ನೀವ ಆಡ್ರಿ,” ಅಂದಳು ತಂಗೆವ್ವ.

“ನಿನ್ನ ಬಾಯಿ ನನಗ ಕೊಡ್ತಿ? ತೂಕದ್ದೈತಿ ಬಿಡು, ಹೊರಾಕ ಆಗಬೇಕಲ್ಲ!” ಅಂತ ಸುನಂದಾಬಾಯಿ ನಕ್ಕಳು. ಆದರೆ ಮರುದಿನ ಶಾಲೆಗೆ ಜೊತೆಗೆ ಬಂದಳು.

ಬಾಳಾಸಾಹೇಬ ಸರ್ ಕೆಟ್ಟವರ ಹಾಗೆ ಕಾಣಲಿಲ್ಲ. ತಂಗೆವ್ವನಿಗೆ ಅದೂ ಒಂದು ಸಂಶಯಕ್ಕೆ ಕಾರಣವೇ ಆಯಿತು. ಅವರು ಮರಾಠಿಯಲ್ಲಿ ಹೇಳುತ್ತಾ ಹೋದರು, ಸುನಂದಾಬಾಯಿ ಹೂಂ ಹೂಂ ಅನ್ನುತ್ತ ನಡುನಡುವೆ ಕನ್ನಡದಲ್ಲಿ ತಿಳಿಸುತ್ತಿದ್ದಳು.

“ಹುಡುಗಿಗೆ ಸುರ ಇದೆ. ಇಲ್ಲ ಅನ್ನೋದಿಲ್ಲ,” ಅಂದರು ಸರ್. “ಆದರೆ ಗಂಟಲಿನಿಂದ ಹಾಡ್ತಾಳೆ, ದೂರದಲ್ಲಿರುವವರನ್ನ ಕರೆದ ಹಾಗೆ. ಪಕ್ಕದವಳು ಏನು ಹಾಡ್ತಾಳೆ ಅಂತ ಅವಳಿಗೆ ಕೇಳೋದೇ ಇಲ್ಲ. ಸಮೂಹಗಾನ ಅಂದರೆ ಮೂವತ್ತು ಎಳೆ ಸೇರಿ ಒಂದು ಹಗ್ಗ. ಒಂದೇ ಎಳೆ ಹೊರಗೆ ಬಂದು ಚುಚ್ಚಿದರೆ ಪರೀಕ್ಷಕರು ಅಲ್ಲೇ ಅಂಕ ಕಳೀತಾರೆ. ಹತ್ತು ದಿನ ಉಳಿದಿದೆ, ನಾನೇನು ಮಾಡಲಿ?”

“ಹತ್ತು ದಿನ ಅಂದ್ರ ಭಾಳ ಆತಲ್ರೀ ಸರ್,” ಅಂದಳು ಸುನಂದಾಬಾಯಿ ಮರಾಠಿಯಲ್ಲೇ. “ದಿನಾ ಮುಂಜಾನೆ ಸಾಲಿಗಿಂತ ಮೊದಲ ಅರ್ಧಾ ತಾಸು ಆಕಿಗೆ ಕೊಡ್ರಿ. ಎಂಟನೇ ದಿನ ಕೇಳ್ರಿ. ಕೂಡಿದ್ರ ಹಾಡ್ಲಿ, ನಾಟಕದ ಪಟ್ಟಿಯೊಳಗೂ ಆಕಿ ಹೆಸರ ನೋಡ್ರಿ. ಕೂಡದಿದ್ರ ನಿಮ್ಮ ಮಾತ ನಮ್ಮ ಮಾತ.”

ಸರ್ ಗಡ್ಡ ಕೆರೆದುಕೊಂಡು ಒಪ್ಪಿದರು. ತಂಗೆವ್ವ ತಲೆ ಅಲ್ಲಾಡಿಸಿದಳು, ನಕ್ಕಳು, ಬಂದಳು. ದಾರಿಯಲ್ಲಿ ಯೋಚಿಸಿದಳು: ಇಷ್ಟು ಸುಲಭಕ್ಕೆ ಒಪ್ಪಿದ ಅಂದರೆ ಒಳಗೇನೋ ಐತಿ.

ಅಲ್ಲಿಂದ ಮುಂದೆ ಮನೆಯಲ್ಲಿ ನಡೆದದ್ದು ಅವಳ ಸಂಶಯಕ್ಕೆ ಇನ್ನಷ್ಟು ಎಣ್ಣೆ ಹೊಯ್ದಿತು. ಮೊದಲ ದಿನ ಹುಡುಗಿ ಬಂದವಳೇ ಚಾಪೆಯ ಮೇಲೆ ಅಂಗಾತ ಮಲಗಿ ಹೊಟ್ಟೆಯ ಮೇಲೆ ಇತಿಹಾಸದ ಪುಸ್ತಕ ಇಟ್ಟುಕೊಂಡಳು.

“ಹೊಟ್ಟಿ ಬ್ಯಾನೀನ?”

“ಉಸರ ಕಲಿಯಾಕತ್ತೇನಿ. ಪುಸ್ತಕ ಮ್ಯಾಲ ಏಳಬೇಕು, ಎದಿ ಏಳಬಾರದು.”

“ಹುಟ್ಟಿದಾಗಿಂದ ಉಸರಾಡಾಕತ್ತೀ, ಈಗೇನ ಹೊಸಾದು ಕಲೀತಿ?”

ಎರಡನೇ ದಿನ ಬಾಯಿ ಮುಚ್ಚಿಕೊಂಡು ಜೇನುನೊಣದ ಹಾಗೆ ಗುಂಯ್ ಅನ್ನುತ್ತ ಮನೆತುಂಬ ಓಡಾಡಿದಳು. ಗುಂಗು ಮೂಗಿನ ಮೂಳೆಗೆ ತಾಗಬೇಕಂತೆ, ಗಂಟಲಿಗೆ ತಾಗಬಾರದಂತೆ. ತಂಗೆವ್ವನಿಗೆ ಇದು ಭಾರಿ ಹುನ್ನಾರ ಅನ್ನಿಸಿತು. ಮೊದಲು ದನಿ ಇಲ್ಲದ ಬಾಯಿ ಕಲಿಸಿದ, ಈಗ ಬಾಯಿ ಇಲ್ಲದ ದನಿ ಕಲಿಸುತ್ತಾನೆ. ಎಂಟು ದಿನ ಹೀಗೇ ಕಳೆದು ಕೊನೆಗೆ, ಆಗಲಿಲ್ಲ ಬಾಯಾರ, ಅಂತ ಕೈ ಝಾಡಿಸುವವನು.

ಮೂರನೇ ದಿನ ಹುಡುಗಿ ಅಪ್ಪನ ಕೈಯಿಂದ ರಿಮೋಟು ಕಸಿದು ಟೀವಿಯ ಸದ್ದು ಇಳಿಸಿದಳು.

“ಮನ್ಯಾಗ ಇನ್ನ ಯಾರೂ ಒದರಬಾರದು. ಸರ್ ಹೇಳ್ಯಾರ. ನಾ ಒದರಿ ಒದರಿ ಮಾತಾಡಿದ್ರ ಮುಂಜಾನಿ ಕಲ್ತದ್ದೆಲ್ಲಾ ಸಂಜೀಕೆ ಹೋಗತೈತಿ.”

“ಯಾರು ಒದರ್ತಾರ ಇಲ್ಲಿ?” ಅಂದಳು ತಂಗೆವ್ವ.

ಅಪ್ಪಾಸಾಬ ಎರಡೂ ಕಿವಿಗೆ ಕೈ ಇಟ್ಟುಕೊಂಡು ಹೆಂಡತಿಯನ್ನು ನೋಡಿದ. ಹುಡುಗಿ ನಕ್ಕಳು. ತಂಗೆವ್ವ ನಗಲಿಲ್ಲ. ಹುಡುಗಿಯ ದನಿ ಎಲ್ಲಿಂದ ಬಂದದ್ದು ಅಂತ ಸರ್ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ದೂರದಲ್ಲಿರುವವರನ್ನು ಕರೆದ ಹಾಗೆ ಅಂದಿದ್ದರಲ್ಲ. ಆ ರಾತ್ರಿಯಿಂದ ಅವಳು ಸಣ್ಣ ದನಿಯಲ್ಲಿ ಮಾತಾಡಲು ನೋಡಿದಳು. ಒಲೆ ಮೇಲಿನ ಹಾಲು ಉಕ್ಕಿದಾಗ ಮರೆತಳು, ಮತ್ತೆ ನೆನಪಿಸಿಕೊಂಡಳು. ದನಿ ಇಳಿಸಿ ಮಾತಾಡುವುದು ಅಂದರೆ ಭಾರ ಹೊತ್ತು ಹಿಮ್ಮುಖವಾಗಿ ನಡೆದಷ್ಟು ಕಷ್ಟ ಅಂತ ಅವಳಿಗೆ ಗೊತ್ತಾಯಿತು.

ಐದನೇ ದಿನಕ್ಕೆ ಹುಡುಗಿ ಒಂದು ಕಿವಿ ಮುಚ್ಚಿಕೊಂಡು ಹಾಡುತ್ತಿದ್ದಳು. ಆರನೇ ದಿನ ಪ್ರಾಜಕ್ತಾಳನ್ನು ಕರೆದುಕೊಂಡು ಬಂದು ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ಕುಳಿತು ಹಾಡಿದರು. “ಆಕಿ ದನಿ ನನಗ ಕೇಳಬೇಕು. ಕೇಳದಿದ್ರ ನಾ ಜೋರ ಮಾಡೇನಿ ಅಂತ ಅರ್ಥ,” ಅಂದಳು. ಪ್ರಾಜಕ್ತಾಳ ಮುಖವನ್ನು ತಂಗೆವ್ವ ಬಾಗಿಲ ಸಂದಿಯಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಬೇಕಂತ ತಪ್ಪು ಕಲಿಸುತ್ತಿದ್ದಾಳೋ ಹೇಗೆ? ಗೊತ್ತಾಗಲಿಲ್ಲ.

ಎಂಟನೇ ದಿನ ಶನಿವಾರ, ಮುಂಜಾನೆಯ ಶಾಲೆ. ತಂಗೆವ್ವ ಪಾಳಿ ಬದಲಿಸಿಕೊಂಡಳು. ಸುನಂದಾಬಾಯಿ ಬರುವವಳಿದ್ದಳು, ಆದರೆ ಸಲಗರೆಯಲ್ಲಿ ಬೀಗರ ಮನೆಯ ಲಗ್ನ ಅಂತ ಹಿಂದಿನ ದಿನವೇ ಹೋಗಿಬಿಟ್ಟಿದ್ದಳು. ಲಗ್ನ ಇವತ್ತೇ ಬರಬೇಕಿತ್ತೇನು, ಅಂದುಕೊಂಡಳು ತಂಗೆವ್ವ.

“ಬಾ, ಕುಂದ್ರು. ಆದ್ರ ಬಾಯಿ ತಗೀಬ್ಯಾಡ,” ಅಂದಳು ಶುಭಾಂಗಿ ಗೇಟಿನ ಹತ್ತಿರ.

“ಗೊತ್ತೈತಿ ನಡಿ.”

ಸಭಾಗೃಹದ ಕೊನೆಯ ಬೆಂಚಿನ ತುದಿಗೆ ಕುಳಿತಳು. ಮಕ್ಕಳು ಸಾಲು ನಿಂತರು. ಇವತ್ತು ಶುಭಾಂಗಿಯನ್ನೂ ಪ್ರಾಜಕ್ತಾಳನ್ನೂ ನಡುವಿನ ಸಾಲಿನಲ್ಲಿ ಅಕ್ಕಪಕ್ಕ ನಿಲ್ಲಿಸಿದ್ದರು. ಸರ್ ತಂಬೂರಿ ಹಿಡಿದು ಕುಳಿತ ಹುಡುಗನಿಗೆ ಸನ್ನೆ ಮಾಡಿ, ಮಕ್ಕಳಿಗೆ ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ನಿಂತರು. “ಯಾರ ಮುಖವೂ ಬೇಡ ನನಗೆ. ಕಿವಿಗೆ ಏನು ಬರುತ್ತೋ ಅಷ್ಟೇ,” ಅಂದರು.

ಹಾಡು ಶುರುವಾಯಿತು. ತಂಗೆವ್ವ ಕಿವಿಗೊಟ್ಟು ಮಗಳ ದನಿಯನ್ನು ಹುಡುಕಿದಳು. ಸಿಗಲಿಲ್ಲ.  ಮತ್ತೆ ಬಾಯಿ ಆಡಿಸಲು ಹೇಳಿದ್ದಾನೆ, ಎಂಟು ದಿನದ ನಾಟಕ ಇದು, ಅಂದುಕೊಂಡು ಮಗಳ ಕೊರಳ ಮೇಲೆ ಕಣ್ಣಿಟ್ಟಳು.

ಗಂಟಲ ಗುಣಿ ನಡುಗುತ್ತಿತ್ತು. ಮೊದಲ ಸಾಲಿಗೆ ನಡುಗಿತು, ಎರಡನೆಯದಕ್ಕೆ ನಡುಗಿತು. ಬಾಯಿ ಮೊದಲಿನಷ್ಟು ದೊಡ್ಡದಾಗಿ ತೆರೆದಿರಲಿಲ್ಲ. ಉಸಿರು ತೆಗೆದುಕೊಂಡಾಗ ಎದೆ ಏಳಲಿಲ್ಲ, ಸೊಂಟದ ಹತ್ತಿರ ಫ್ರಾಕು ಮಾತ್ರ ಹಿಗ್ಗಿತು. ಹಾಡು ಮುಗಿಯುವ ತನಕ ಒಂದು ಅಕ್ಷರವೂ ಬರಿದಾಗಿ ಹೋಗಲಿಲ್ಲ. ಹುಡುಗಿ ಹಾಡುತ್ತಿದ್ದಳು, ಮೂವತ್ತರೊಳಗೆ ಅವಳ ದನಿ ಬೇರೆಯಾಗಿ ಸಿಗುತ್ತಿರಲಿಲ್ಲ ಅಷ್ಟೇ.

ಸರ್ ತಿರುಗಿದರು. ಮುಖ ಅರಳಿತ್ತು. “ಭಲೇ! ಇವತ್ತು ಕೂಡಿತು ನೋಡ್ರಿ.” ಮೇಜಿನ ಮೇಲಿನ ಪಟ್ಟಿ ಎಳೆದುಕೊಂಡರು. “ನಾಟಕದ ಮೇಳಕ್ಕೆ ಹನ್ನೊಂದು ಹೆಸರು ಆಗಿವೆ, ಇನ್ನೊಂದು ಉಳಿದಿದೆ. ಶುಭಾಂಗಿ, ನೀನು ಸುಮ್ಮನೆ ಬಾಯಿ ಆಡಿಸಿದ್ದೇ ಒಳ್ಳೇದಾಯ್ತು. ಸ್ಪರ್ಧೆಗೂ ಹಾಗೇ ನಿಲ್ಲು.”

“ಸರ್, ನಾನು ಹಾಡಿದೆ,” ಅಂದಳು ಶುಭಾಂಗಿ.

“ಹಾಡಿದ್ದರೆ ನನಗೆ ಕೇಳ್ತಿರಲಿಲ್ಲವೇನೇ? ನಿನ್ನ ದನಿ ಈ ಗೋಡೆಗೂ ಗೊತ್ತು.” ಮಕ್ಕಳು ನಕ್ಕರು. “ಸೋತೆ ಅಂದರೆ ಸೋತೆ ಅನ್ನು. ಸುಳ್ಳು ಯಾಕೆ? ಪ್ರಾಜಕ್ತಾ, ಪಕ್ಕದಲ್ಲಿದ್ದೆಯಲ್ಲ, ಹಾಡಿದಳಾ ಇವಳು?”

ಪ್ರಾಜಕ್ತಾ ತಡವರಿಸಿದಳು. “ನನಗೆ... ಎಲ್ಲಾರದೂ ಕೂಡಿ ಒಂದೇ ಕೇಳಿಸ್ತು ಸರ್. ಬೇರೆಬೇರೆ ಗೊತ್ತಾಗಲಿಲ್ಲ.”

“ಆಯ್ತಲ್ಲ,” ಅಂದರು ಸರ್. ಪೆನ್ನಿನ ಟೊಪ್ಪಿಗೆ ತೆಗೆದರು. “ಹನ್ನೆರಡನೆಯದು ಸ್ನೇಹಲ.”

ಶುಭಾಂಗಿ ನೆಲ ನೋಡುತ್ತ ನಿಂತಳು. 

ತಂಗೆವ್ವ ಈ ಹದಿನೈದು ದಿನದಲ್ಲಿ ಯಾರನ್ನೂ ನಂಬಿರಲಿಲ್ಲ. ಸರ್‌ರನ್ನಲ್ಲ, ಸುನಂದಾಬಾಯಿಯನ್ನಲ್ಲ, ಆ ಪ್ರಾಜಕ್ತಾಳನ್ನಲ್ಲ, ತನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿಯನ್ನೂ ಅಲ್ಲ. ಆದರೆ ತನ್ನ ಕಣ್ಣಿನಿಂದ ನೋಡಿದ್ದನ್ನು ಹೇಗೆ ನಂಬದಿರುವುದು? ಆ ಕೋಣೆಯಲ್ಲಿ ಹುಡುಗಿಯ ಗಂಟಲು ನೋಡಿದವಳು ಅವಳೊಬ್ಬಳೇ. ಎದ್ದು ನಿಂತಳು. ಸಣ್ಣ ದನಿಯಲ್ಲಿ ಹೇಳಬೇಕು ಅಂದುಕೊಂಡಳು.

“ಹಾಡ್ಯಾಳ್ರೀ!”

ಸಣ್ಣ ದನಿ ಬರಲಿಲ್ಲ. ತಗಡಿನ ಚಾವಣಿ ಗುಂಯ್‌ಗುಟ್ಟಿತು. ಮುಂದಿನ ಸಾಲಿನ ಇಬ್ಬರು ಹುಡುಗಿಯರು ಕಿವಿ ಮುಚ್ಚಿಕೊಂಡರು. ಸರ್ ಕೈಯಲ್ಲಿನ ಪೆನ್ನು ನಿಂತಿತು.

“ಮೊದಲಿಂದ ಆಖೇರಿ ತನಕ ಹಾಡ್ಯಾಳ. ನಾ ನೋಡೇನಿ, ಗಂಟಲ ಆಡೂದು ಕಣ್ಣಾರೆ ನೋಡೇನಿ. ಗ್ವಾಡಿಗೆ ಮಾರಿ ಮಾಡಿ ನಿಂತವ್ರು ನೀವು. ದನಿ ಕೇಳಬಾರದು ಅಂತ ನೀವ ಎಂಟ ದಿನ ಕಲಿಸೀರಿ, ಈಗ ಕೇಳಲಿಲ್ಲ ಅಂತ ಆಕೀನ ಸುಳ್ಳಿ ಮಾಡ್ತೀರಿ? ಹತ್ರ ಬಂದು ಕೇಳ್ರಿ, ಆಮ್ಯಾಲ ಬರೀರಿ!”

ಸರ್‌ಗೆ ಕನ್ನಡ ಎಷ್ಟು ತಿಳಿಯಿತೋ, ದನಿಯಂತೂ ತಿಳಿಯಿತು. ತಾವೇ ಮೇಜು ಬಿಟ್ಟು ಮಕ್ಕಳ ಹತ್ತಿರ ಬಂದರು. ಶುಭಾಂಗಿ, ಪ್ರಾಜಕ್ತಾ, ಇನ್ನಿಬ್ಬರು ಹುಡುಗಿಯರನ್ನು ಬೇರೆ ನಿಲ್ಲಿಸಿ, ಶುಭಾಂಗಿಯ ಭುಜದ ಹತ್ತಿರ ಕಿವಿ ತಂದು, ಒಂದು ಸಾಲು ಹಾಡಿಸಿದರು. “ಇನ್ನೊಮ್ಮೆ,” ಅಂದರು. ಹುಡುಗಿಯ ದನಿ ನಡುಗಲಿಲ್ಲ. ಎರಡನೇ ಸಲ ಮುಗಿದ ಮೇಲೆ ಸರ್ ನೆಟ್ಟಗೆ ನಿಂತರು.

“ನನ್ನದು ತಪ್ಪಾಯ್ತು,” ಅಂದರು. ಯಾರ ಕಡೆಯೂ ನೋಡದೆ ಮೇಜಿಗೆ ಹೋಗಿ, ಬರೆದ ಹೆಸರಿನ ಕೆಳಗೆ ಇನ್ನೊಂದು ಹೆಸರು ಬರೆದರು. “ಹದಿಮೂರು ಮಂದಿ ಇದ್ದರೆ ಯಾರೂ ಜೈಲಿಗೆ ಹಾಕೋದಿಲ್ಲ.”

ತಂಗೆವ್ವ ಹೋಗಿ ಪಟ್ಟಿಯನ್ನು ತಾನೇ ನೋಡಿದಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕೊನೆಗೆ ಶುಭಾಂಗಿ ಅಂತ ಇತ್ತು, ಶಾಯಿ ಇನ್ನೂ ಹಸಿ ಇತ್ತು.

ಗೇಟಿನ ತನಕ ಹುಡುಗಿ ಅವ್ವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಕೆನ್ನೆ ಕೆಂಪಾಗಿತ್ತು. ಹಿಂದಿನಿಂದ ಯಾರೋ ತಂಗೆವ್ವನ ದನಿ ಅಣಕಿಸಿ “ಹಾಡ್ಯಾಳ್ರೀ!” ಅಂದರು, ನಾಲ್ಕಾರು ಮಂದಿ ನಕ್ಕರು.

“ನೀ ಮಾತ ಕೊಟ್ಟಿದ್ದಿ,” ಅಂದಳು ಶುಭಾಂಗಿ.

“ಕೊಟ್ಟಿದ್ದೆ,” ಅಂದಳು ತಂಗೆವ್ವ.

ಮಗಳು ಮೂರನೇ ಇಯತ್ತೆಯಲ್ಲಿದ್ದಾಗ ಕೊಟ್ಟ ಮಾತನ್ನು ತಂಗೆವ್ವ ಅವಳ ಒಂಬತ್ತನೇ ಇಯತ್ತೆಯಲ್ಲಿ ಮುರಿದಳು.